ವೋಟು ಕೇಳಿ ಗೆದ್ದ ಜಡ್ಜ್: ಡೆನ್ವರ್ ನಗರದ ಬೆನ್ ಲಿಂಡ್ಸೆ

ನಮ್ಮ ಕಡೆ ಜಡ್ಜ್ ಸಾಹೇಬರು ಯಾರೂ ವೋಟು ಕೇಳಿಕೊಂಡು ಮನೆ ಬಾಗಿಲಿಗೆ ಬರುವುದಿಲ್ಲ. ಗ್ರಾಮ ಪಂಚಾಯಿತಿಗೆ ನಿಂತವರು ಬರುತ್ತಾರೆ, ಎಂಎಲ್‌ಎ ಬರುತ್ತಾರೆ, ಹಾಲಿನ ಸೊಸೈಟಿ ಡೈರೆಕ್ಟರ್ ಆಗಬೇಕು ಅಂದುಕೊಂಡವರೂ ಬಂದು ಕೈ ಮುಗಿದು ಹೋಗುತ್ತಾರೆ. ಜಡ್ಜ್ ಮಾತ್ರ ಬರುವುದಿಲ್ಲ.

ಜಿಲ್ಲಾ ಕೋರ್ಟಿಗೆ ವರದಿಗೆ ಹೋದಾಗ ನಾವು ಕೌಟುಂಬಿಕ ನ್ಯಾಯಾಲಯದ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದುಂಟು. ಅಲ್ಲಿ ನಮಗೆ ಸುದ್ದಿ ಸಿಗುವುದಿಲ್ಲ, ಸಿಕ್ಕರೂ ಹೆಸರು ಹಾಕಿ ಬರೆಯುವಂತಿಲ್ಲ. ಆದರೂ ನಿಲ್ಲುತ್ತೇವೆ. ಮಗಳ ಜೀವನಾಂಶದ ಕೇಸಿಗೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಕೂತಿದ್ದ ಒಬ್ಬ ಅಜ್ಜಿ ನಮ್ಮನ್ನು ಕೇಳಿದ್ದರು: 'ಒಳಗೆ ಕೂತಾರಲ್ಲ, ಅವರನ್ನ ಯಾರು ಆರಿಸಿ ಕಳಿಸಿದ್ದು?' ನಾವು ಉತ್ತರ ಹೇಳಿದೆವು. ಯಾರೂ ಆರಿಸಿದ್ದಲ್ಲ, 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಪ್ರಕಾರ ಹೈಕೋರ್ಟಿನ ಒಪ್ಪಿಗೆ ಪಡೆದು ರಾಜ್ಯ ಸರ್ಕಾರ ನೇಮಿಸುತ್ತದೆ. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, 'ಆರಿಸಿದ್ದರೆ ನಮ್ಮ ಮಾತು ಕೇಳ್ತಿದ್ದರೋ ಏನೋ' ಅಂದರು.

ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆದರೆ ಅಮೆರಿಕದ ಒಂದು ಊರಿನ ಚರಿತ್ರೆಯಲ್ಲಿ ಅದಕ್ಕೆ ಅರ್ಧ ಉತ್ತರ ಇದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಜಡ್ಜ್ ಹುದ್ದೆಗೂ ಚುನಾವಣೆ ನಡೆಯುತ್ತದೆ. ಹಾಗೆ ನಿಂತು, ಗೆದ್ದು, ಮತ್ತೆ ಮತ್ತೆ ಗೆದ್ದು, ಕೊನೆಗೆ ಅದೇ ವೋಟಿನ ಲೆಕ್ಕದಲ್ಲಿ ಕುರ್ಚಿ ಕಳೆದುಕೊಂಡವರು ಬೆಂಜಮಿನ್ ಬಾರ್ ಲಿಂಡ್ಸೆ. ಊರು ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್. ಅವರು ಕೂತ ಕೋರ್ಟು ಮೊದಲು ಮಕ್ಕಳ ಕೋರ್ಟ್ ಎಂದು ಹೆಸರಾಯಿತು. 1920ರ ದಶಕದ ಹೊತ್ತಿಗೆ ಅದನ್ನು ಡೆನ್ವರಿನ ಬಾಲ ಹಾಗೂ ಕೌಟುಂಬಿಕ ನ್ಯಾಯಾಲಯ ಎಂದು ಕರೆಯುತ್ತಿದ್ದರು.

ಲಿಂಡ್ಸೆ ಹುಟ್ಟಿದ್ದು 1869ರ ನವೆಂಬರ್ 25ರಂದು, ಟೆನೆಸಿ ರಾಜ್ಯದ ಜಾಕ್ಸನ್ ಎಂಬ ಊರಿನಲ್ಲಿ. ಅಪ್ಪ ಅಂತರ್ಯುದ್ಧದಲ್ಲಿ ದಕ್ಷಿಣದವರ ಪರ, ಅಂದರೆ ಸೋತ ಕಡೆ, ಹೋರಾಡಿದ್ದ ಸೇನಾಧಿಕಾರಿ. ಯುದ್ಧ ಮುಗಿದ ಮೇಲೆ ಆ ಕಡೆಯ ಎಷ್ಟೋ ಕುಟುಂಬಗಳ ಹಾಗೆ ಇವರದ್ದೂ ನೆಲೆ ತಪ್ಪಿತು. ಅಪ್ಪ ಪಶ್ಚಿಮಕ್ಕೆ ಹೋಗಿ ಡೆನ್ವರಿನಲ್ಲಿ ರೈಲ್ವೆಯ ಟೆಲಿಗ್ರಾಫ್ ಕೆಲಸ ಹಿಡಿದರು. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಕೆಲಸ ಹೋಯಿತು, ಸಾಲ ಬೆಳೆಯಿತು, ಬೆನ್‌ಗೆ ಹದಿನೆಂಟರ ಆಸುಪಾಸು ಇದ್ದಾಗ ಅಪ್ಪ ಆತ್ಮಹತ್ಯೆ ಮಾಡಿಕೊಂಡರು. ಮನೆಗೆ ಹಿರಿ ಮಗ ಬೆನ್. ಬೆಳಿಗ್ಗೆ ಪೇಪರ್ ಹಾಕುವುದು, ಹಗಲು ಒಂದು ವಕೀಲರ ಕಚೇರಿಯಲ್ಲಿ ಆಫೀಸ್ ಬಾಯ್ ಕೆಲಸ, ರಾತ್ರಿ ಕಟ್ಟಡ ಗುಡಿಸುವುದು. ಹೀಗೆ ಮೂರು ಕೆಲಸದಲ್ಲಿ ಮನೆ ನಡೆಯಿತು.

ಆ ಕಾಲಕ್ಕೆ ಅಲ್ಲಿ ವಕೀಲನಾಗಲು ಕಾನೂನು ಕಾಲೇಜೇ ಬೇಕು ಅಂತಿರಲಿಲ್ಲ. ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಪುಸ್ತಕ ಓದಿ ಪರೀಕ್ಷೆಗೆ ಕೂರಬಹುದಿತ್ತು. ಬೆನ್ ಹಾಗೇ ಓದಿದ. ಹತ್ತೊಂಬತ್ತನೇ ವಯಸ್ಸಿನಲ್ಲಿ ದಣಿವು, ಹಸಿವು, ಓದು ತಲೆಗೆ ಹತ್ತದ ಬೇಸರ ಎಲ್ಲ ಸೇರಿ ಒಂದು ರಾತ್ರಿ ತಾನೂ ಪ್ರಾಣ ತೆಗೆದುಕೊಳ್ಳಲು ಹೊರಟಿದ್ದನಂತೆ. ಅದೃಷ್ಟಕ್ಕೆ ಬದುಕಿದ. ಇದನ್ನು ಬೇರೆಯವರು ಕಟ್ಟಿ ಹೇಳಿದ್ದಲ್ಲ, ಮುಂದೆ ಜಡ್ಜ್ ಆದ ಮೇಲೆ ಅವರೇ ಬರೆದುಕೊಂಡಿದ್ದು. ಕುರ್ಚಿಯಲ್ಲಿ ಕೂತವರು ತಮ್ಮ ಇಂಥ ರಾತ್ರಿಗಳನ್ನು ಬಾಯಿ ಬಿಟ್ಟು ಹೇಳುವುದು ಅಪರೂಪ.

1894ರಲ್ಲಿ ಸನ್ನದು ಸಿಕ್ಕಿತು. ಫ್ರೆಡ್ ಪಾರ್ಕ್ಸ್ ಎಂಬ ಗೆಳೆಯನ ಜೊತೆ ಸೇರಿ ವಕೀಲಿಕೆ ಶುರು. ಟ್ರಾಮಿಗೆ ಸಿಕ್ಕಿ ಗಾಯಗೊಂಡ ಒಬ್ಬ ಹುಡುಗನ ಪರ ಟ್ರಾಮ್ ಕಂಪನಿ ಮೇಲೆ ಹಾಕಿದ ಕೇಸು ಇಬ್ಬರಿಗೂ ಕಣ್ಣು ತೆರೆಸಿತು. ಅಲ್ಲಿ ತೀರ್ಪು ಕೊಡುವುದು ಊರಿನವರೇ ಆದ ಹನ್ನೆರಡು ಜನ ಜ್ಯೂರಿ. ಹನ್ನೆರಡೂ ಜನ ಒಂದೇ ಮಾತು ಹೇಳಬೇಕು. ಪ್ರತಿ ಸಲವೂ ಒಬ್ಬರೋ ಇಬ್ಬರೋ ಒಪ್ಪದೆ ಕೇಸು ನಿಂತಲ್ಲೇ ನಿಲ್ಲುತ್ತಿತ್ತು. ಆ ಒಬ್ಬಿಬ್ಬರು ಯಾಕೆ ಒಪ್ಪುತ್ತಿಲ್ಲ ಎಂದು ಹುಡುಕುತ್ತಾ ಹೋದರೆ ಕಂಪನಿ, ಪಕ್ಷ, ಕೋರ್ಟು ಮೂರೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿರುವುದು ಕಂಡಿತು. ನಾಲ್ಕರಲ್ಲಿ ಮೂರು ಪಾಲು ಜ್ಯೂರಿ ಒಪ್ಪಿದರೆ ಸಾಕು ಎಂಬ ಕಾನೂನಿಗೆ ಇಬ್ಬರೂ ಓಡಾಡಿದರು. ಕಾನೂನೂ ಆಯಿತು, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದೂ ಮಾಡಿತು. ಅಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಸುಪ್ರೀಂ ಕೋರ್ಟ್ ಇರುತ್ತದೆ, ನಮ್ಮ ಹೈಕೋರ್ಟ್ ಇದ್ದ ಹಾಗೆ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಲಿಂಡ್ಸೆ ಜಡ್ಜ್ ಆಗಿದ್ದು ಬರೀ ಯೋಗ್ಯತೆ ಮೇಲಲ್ಲ. ಪಕ್ಷಕ್ಕೆ ದುಡಿದಿದ್ದರು, ಡೆಮಾಕ್ರಟಿಕ್ ಪಕ್ಷದ ಮುಖಂಡರ ಜೊತೆ ಓಡಾಡಿದ್ದರು. 1899ರಲ್ಲಿ ಅನಾಥರ, ವಾರಸುದಾರರಿಲ್ಲದವರ ಆಸ್ತಿ ನೋಡಿಕೊಳ್ಳುವ ಒಂದು ಸರ್ಕಾರಿ ಹುದ್ದೆ ಸಿಕ್ಕಿತು. 1901ರ ಜನವರಿಯಲ್ಲಿ ಕೌಂಟಿ ಕೋರ್ಟಿನ ಜಡ್ಜ್ ಸ್ಥಾನ ಖಾಲಿಯಾದಾಗ ಅಲ್ಲಿಗೆ ನೇಮಕವಾದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ವಯಸ್ಸು 31. ಸಣ್ಣ ಆಳು, ತೂಕವೂ ಇಲ್ಲ, ದೂರದಿಂದ ನೋಡಿದರೆ ಹುಡುಗನ ಹಾಗೆ ಕಾಣುತ್ತಿದ್ದರು. ಪಕ್ಷದವರು ಇವನು ನಮ್ಮವನೇ ಅಂದುಕೊಂಡಿದ್ದರು.

ಅವರ ಲೆಕ್ಕ ತಪ್ಪಿಸಿದ್ದು ಒಂದು ಕಲ್ಲಿದ್ದಲು ಕಳವಿನ ಕೇಸು.

ಒಂದು ಸಂಜೆ ಲಿಂಡ್ಸೆ ಪೀಠೋಪಕರಣ ಯಾರದ್ದು ಎಂಬ ಬೇಸರದ ಸಿವಿಲ್ ಕೇಸು ಕೇಳುತ್ತಿದ್ದರು. ನಡುವೆ ಸರ್ಕಾರಿ ವಕೀಲರು ಬಂದು, ಒಂದು ಸಣ್ಣ ಕಳವಿನ ಕೇಸಿದೆ, ಎರಡು ನಿಮಿಷದ ಕೆಲಸ, ಮುಗಿಸಿಬಿಡಿ ಎಂದರು. ಒಬ್ಬ ಹುಡುಗ ರೈಲ್ವೆ ಹಳಿಗಳ ಹತ್ತಿರ ಕಲ್ಲಿದ್ದಲು ಕದ್ದಿದ್ದ. ಸಾಕ್ಷಿ ಇತ್ತು, ಹುಡುಗ ಒಪ್ಪಿದ್ದ, ಕಾನೂನು ಸ್ಪಷ್ಟವಿತ್ತು. ಲಿಂಡ್ಸೆ ಅವನನ್ನು ಗೋಲ್ಡನ್ ಎಂಬ ಊರಿನಲ್ಲಿದ್ದ ಸುಧಾರಣಾ ಶಾಲೆಗೆ ಕಳಿಸುವ ಆದೇಶ ಹೇಳಿ ಮತ್ತೆ ಪೀಠೋಪಕರಣದ ಕಡೆ ತಿರುಗಿದರು. ಆಗ ಕೋರ್ಟಿನ ಹಿಂದಿನಿಂದ ಒಂದು ಚೀರು ಕೇಳಿಸಿತು. ಹುಡುಗನ ತಾಯಿ. ಅದು ಅಳು ಅಲ್ಲ, ಪ್ರಾಣಿ ಕೂಗಿದ ಹಾಗಿತ್ತು ಎಂಬ ಅರ್ಥದಲ್ಲಿ ಲಿಂಡ್ಸೆ ಮುಂದೆ ಬರೆದಿದ್ದಾರೆ. ಕಲಾಪ ನಡೆಯಲಿಲ್ಲ. ಆದೇಶ ತಡೆಹಿಡಿದು ಹುಡುಗನನ್ನು ತಾಯಿಯ ಜೊತೆ ಮನೆಗೆ ಕಳಿಸಿದರು.

ಆ ರಾತ್ರಿ ಜಡ್ಜ್ ತಾವೇ ಆ ಮನೆ ಹುಡುಕಿಕೊಂಡು ಹೋದರು. ಇಟಲಿಯಿಂದ ವಲಸೆ ಬಂದ ಕೂಲಿ ಕುಟುಂಬ, ಎರಡು ಕೋಣೆಯ ಗುಡಿಸಲಿನಂಥ ಮನೆ. ಅಪ್ಪ ಅದಿರು ಕರಗಿಸುವ ಕಾರ್ಖಾನೆಯಲ್ಲಿ ದುಡಿದು ಸೀಸದ ವಿಷ ಮೈಗೆ ಹತ್ತಿ ಹಾಸಿಗೆ ಹಿಡಿದಿದ್ದ. ಮನೆ ಬೆಚ್ಚಗಿಡಲು ಮಗ ಕಲ್ಲಿದ್ದಲು ತಂದಿದ್ದ. ಕೋರ್ಟಿನ ದಾಖಲೆಯಲ್ಲಿ ಇದ್ಯಾವುದೂ ಇರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಕಾನೂನಿಗೆ ಬೇಕಾಗಿದ್ದು ಕಲ್ಲಿದ್ದಲು ತೆಗೆದನೋ ಇಲ್ಲವೋ ಅಷ್ಟೇ.

ಇದಾದ ಮೇಲೆ ಲಿಂಡ್ಸೆ ಕಾನೂನು ಪುಸ್ತಕಗಳನ್ನು ತಡಕಾಡಿದರು. 1899ರಲ್ಲಿ ಕೊಲರಾಡೊ ಮಾಡಿದ್ದ ಶಾಲಾ ಕಾಯ್ದೆಯೊಳಗೆ ಒಂದು ಕಲಂ ಸಿಕ್ಕಿತು. ಶಾಲೆ ತಪ್ಪಿಸಿ ದಾರಿ ತಪ್ಪಿದ ಮಕ್ಕಳನ್ನು ಅಪರಾಧಿಗಳೆಂದು ಅಲ್ಲ, ಶಿಸ್ತು ಬೇಕಾದ ಮಕ್ಕಳೆಂದು ನೋಡಲು ಅದರಲ್ಲಿ ಅವಕಾಶವಿತ್ತು. ಮಕ್ಕಳ ಕೇಸುಗಳನ್ನೆಲ್ಲ ಈ ಕಲಮಿನ ಕೆಳಗೆ ನನ್ನ ಕೋರ್ಟಿಗೇ ತನ್ನಿ ಎಂದು ಸರ್ಕಾರಿ ವಕೀಲರಿಗೆ ಹೇಳಿದರು. ಹೊಸ ಕಾನೂನು ಬರುವ ತನಕ ಕಾಯದೆ, ಇದ್ದ ಕಾನೂನಿನ ಸಂದಿಯಲ್ಲೇ ಒಂದು ಕೋರ್ಟ್ ಕಟ್ಟಿಬಿಟ್ಟರು. ಅಮೆರಿಕದ ಮೊದಲ ಬಾಲ ನ್ಯಾಯಾಲಯ 1899ರಲ್ಲಿ ಷಿಕಾಗೊದಲ್ಲಿ ಶುರುವಾಗಿತ್ತು. ಆದರೆ ದೇಶದ ಜನಕ್ಕೆ ಮಕ್ಕಳ ಕೋರ್ಟ್ ಎಂದರೆ ಏನು ಎಂದು ತೋರಿಸಿದ್ದು ಡೆನ್ವರ್.

ಅಲ್ಲಿ ಶನಿವಾರ ಬೆಳಿಗ್ಗೆ ಹುಡುಗರು ಶಾಲೆಯಿಂದ ಮೇಷ್ಟ್ರು ಬರೆದುಕೊಟ್ಟ ಚೀಟಿ ಹಿಡಿದು ಜಡ್ಜ್ ಮುಂದೆ ಬರುತ್ತಿದ್ದರು. ಜಡ್ಜ್ ಎತ್ತರದ ಪೀಠ ಬಿಟ್ಟು ಕೆಳಗಿಳಿದು ಅವರ ಜೊತೆ ಕೂರುತ್ತಿದ್ದರು. ಚೀಟಿ ಓದುವುದು, ಚೆನ್ನಾಗಿದ್ದರೆ ಬೆನ್ನು ತಟ್ಟುವುದು, ಇಲ್ಲದಿದ್ದರೆ ಯಾಕಪ್ಪಾ ಎಂದು ಕೇಳುವುದು. ಸುಧಾರಣಾ ಶಾಲೆಗೆ ಕಳಿಸಲೇಬೇಕಾದ ಹುಡುಗರಿಗೆ ಪೊಲೀಸರನ್ನು ಜೊತೆ ಮಾಡುತ್ತಿರಲಿಲ್ಲ. ಆದೇಶದ ಕಾಗದ ಅವರ ಕೈಗೇ ಕೊಟ್ಟು, ಟ್ರಾಮ್ ಚಾರ್ಜ್ ಕೊಟ್ಟು, ನೀನೇ ಹೋಗಿ ಒಪ್ಪಿಸು ಎನ್ನುತ್ತಿದ್ದರು. ಪೊಲೀಸರು ನಕ್ಕರು. ಹುಡುಗರು ಒಬ್ಬೊಬ್ಬರೇ ಹೋಗಿ ಗೋಲ್ಡನ್ ಶಾಲೆಯ ಬಾಗಿಲು ಬಡಿದರು. ಓಡಿಹೋದವರು ಬೆರಳೆಣಿಕೆಯಷ್ಟು.

ನಮ್ಮ ಓದುಗರಲ್ಲಿ ಎಷ್ಟೋ ಜನ ಮೇಷ್ಟ್ರುಗಳಿದ್ದಾರೆ. ಹಾಜರಿ ಪುಸ್ತಕ ತರಲು ತರಗತಿಯ ತುಂಟನನ್ನೇ ಕಳಿಸುವ ಉಪಾಯ ನಿಮಗೆ ಗೊತ್ತು. ಅದೇ ಇದು.

ಇಷ್ಟರಲ್ಲೇ ನಿಂತಿದ್ದರೆ ಯಾರೂ ಲಿಂಡ್ಸೆ ತಂಟೆಗೆ ಹೋಗುತ್ತಿರಲಿಲ್ಲ. ಆದರೆ ಅವರು ತಮ್ಮ ಕೋರ್ಟಿನ ಕಾಗದ-ಲೇಖನಿ ಖರೀದಿಯ ಬಿಲ್ಲು ನೋಡಿದರು. ಮಾರುಕಟ್ಟೆ ಬೆಲೆಗೂ ಬಿಲ್ಲಿಗೂ ತಾಳಮೇಳ ಇರಲಿಲ್ಲ. ಕೌಂಟಿಯ ಕಮಿಷನರುಗಳು ಮುದ್ರಣದ ಗುತ್ತಿಗೆಯಲ್ಲಿ ದುಡ್ಡು ಹೊಡೆಯುತ್ತಿದ್ದರು. ಅದರಲ್ಲಿ ತಮ್ಮದೇ ಪಕ್ಷದವರೂ ಇದ್ದರು. ಲಿಂಡ್ಸೆ ಅದನ್ನು ಬಯಲಿಗೆ ತಂದರು. ಸಣ್ಣ ದಂಡದಲ್ಲಿ ಕೇಸು ಮುಗಿಯಿತು, ಹಗೆ ಮಾತ್ರ ಮುಗಿಯಲಿಲ್ಲ.

ಆಮೇಲೆ ಜೈಲು. ಸಣ್ಣ ಹುಡುಗರನ್ನು ದೊಡ್ಡ ಕೈದಿಗಳ ಜೊತೆ ಕೂಡಿಹಾಕುತ್ತಿದ್ದರು, ಅಲ್ಲಿ ಅವರ ಮೇಲೆ ಆಗಬಾರದ್ದೆಲ್ಲ ಆಗುತ್ತಿತ್ತು. ಲಿಂಡ್ಸೆ ಹೇಳಿದಾಗ ಪೊಲೀಸ್ ಮಂಡಳಿಯವರು ಸುಳ್ಳು ಎಂದರು. ಆಗ ಲಿಂಡ್ಸೆ ಗವರ್ನರ್ ಜೇಮ್ಸ್ ಪೀಬಾಡಿ ಅವರನ್ನು, ಊರಿನ ಪಾದ್ರಿಗಳನ್ನು, ಅಧಿಕಾರಿಗಳನ್ನು ತಮ್ಮ ಕೋಣೆಗೆ ಕರೆದರು. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗಲ್ಲ, ಜನ ಆರಿಸಿದ ಮುಖ್ಯಮಂತ್ರಿ ಇದ್ದ ಹಾಗೆ. ಜೈಲು ಕಂಡಿದ್ದ ಹುಡುಗರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಒಳಗೆ ಏನಾಯಿತೋ ಹೇಳು ಎಂದರು. ಹುಡುಗರು ಹೇಳಿದರು. ಕೇಳಿದ ಗವರ್ನರ್ ಮಕ್ಕಳ ಕೋರ್ಟಿನ ಮಸೂದೆಗೆ ಸಹಿ ಹಾಕುವ ಮಾತು ಕೊಟ್ಟರು. 1903ರ ಆ ಕಾನೂನುಗಳಲ್ಲಿ ಒಂದು ಇಡೀ ದೇಶಕ್ಕೆ ಮಾದರಿಯಾಯಿತು. ಮಗು ದಾರಿ ತಪ್ಪಲು ಕಾರಣರಾದ ದೊಡ್ಡವರ ಮೇಲೂ ಕೇಸು ಹಾಕಬಹುದು ಎಂಬ ಕಾನೂನು ಅದು. ಹುಡುಗರಿಗೆ ಹೆಂಡ ಮಾರುವವನು, ಮಗುವನ್ನು ಕಳವಿಗೆ ಹಚ್ಚುವ ಅಪ್ಪ, ಎಲ್ಲರೂ ಇದರಡಿ ಬಂದರು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಎದುರು ಹಾಕಿಕೊಂಡ ಜಡ್ಜ್ ಕುರ್ಚಿಯಲ್ಲಿ ಉಳಿದದ್ದು ಹೇಗೆ? ನೇಮಕದ ಹುದ್ದೆಯಾಗಿದ್ದರೆ ನೇಮಿಸಿದವರೇ ಮುಂದಿನ ಸಲ ಕೈಬಿಡುತ್ತಿದ್ದರು. ಆದರೆ ಜಡ್ಜ್ ಚುನಾವಣೆಗೆ ನಿಲ್ಲಬೇಕಿತ್ತು, ಮತ್ತು ಕೊಲರಾಡೊದಲ್ಲಿ ಹೆಂಗಸರಿಗೆ 1893ರಲ್ಲೇ ಮತದಾನದ ಹಕ್ಕು ಬಂದಿತ್ತು. ಅಮೆರಿಕದ ಉಳಿದ ಹೆಚ್ಚಿನ ರಾಜ್ಯಗಳ ಹೆಂಗಸರು 1920ರ ತನಕ ಕಾಯಬೇಕಾಯಿತು. ಡೆನ್ವರಿನ ತಾಯಂದಿರಿಗೆ ಮಾತ್ರ ತಮ್ಮ ಮಕ್ಕಳ ಜಡ್ಜ್ ಯಾರಾಗಬೇಕು ಎಂದು ಹೇಳುವ ಚೀಟಿ ಕೈಯಲ್ಲಿತ್ತು.

1904ರಲ್ಲಿ ಜನಪ್ರಿಯತೆ ನೋಡಿ ಎರಡೂ ಪಕ್ಷದವರು ಲಿಂಡ್ಸೆಯನ್ನೇ ತಮ್ಮ ಅಭ್ಯರ್ಥಿ ಮಾಡಿಕೊಂಡರು. 1906ರಲ್ಲಿ ಗವರ್ನರ್ ಹುದ್ದೆಗೇ ನಿಂತು ಸೋತರು. ಅದು ಅತಿಯಾಸೆ ಎಂದು ನಮಗನಿಸುತ್ತದೆ. ಜನ ಇವರನ್ನು ಒಪ್ಪಿದ್ದು ಮಕ್ಕಳ ಜಡ್ಜ್ ಎಂದು, ರಾಜ್ಯ ಆಳಲಿ ಎಂದಲ್ಲ. 1908ರ ಹೊತ್ತಿಗೆ ಎರಡೂ ಪಕ್ಷಗಳು ಟಿಕೆಟ್ ಕೊಡಲಿಲ್ಲ. ಲಿಂಡ್ಸೆ ಪಕ್ಷೇತರರಾಗಿ ನಿಂತರು. ಆಗಿನ ಮತಪತ್ರದಲ್ಲಿ ಒಂದು ಪಕ್ಷಕ್ಕೆ ಒಂದೇ ಗುರುತು ಹಾಕಿದರೆ ಎಲ್ಲ ಹುದ್ದೆಗೂ ವೋಟು ಬಿದ್ದುಬಿಡುತ್ತಿತ್ತು. ನಡುವೆ ಒಂದು ಹುದ್ದೆಗೆ ಮಾತ್ರ ಬೇರೆಯವರನ್ನು ಆರಿಸುವುದು ತೊಡಕಿನ ಕೆಲಸ. ಮಹಿಳಾ ಸಂಘದವರು ಅದನ್ನು ಮನೆ ಮನೆಗೆ ಹೋಗಿ ಹೇಳಿಕೊಟ್ಟರು. ವೋಟಿಲ್ಲದ ಹುಡುಗರು ಬೀದಿಯಲ್ಲಿ ಮೆರವಣಿಗೆ ಮಾಡಿದರು. ಲಿಂಡ್ಸೆ ಭಾರಿ ಅಂತರದಲ್ಲಿ ಗೆದ್ದರು. 1910ರಲ್ಲಿ ಈ ಕಂಪನಿ-ಪಕ್ಷಗಳ ನಂಟನ್ನೆಲ್ಲ ಹೆಸರು ಸಮೇತ ಬಿಚ್ಚಿಟ್ಟ 'ದಿ ಬೀಸ್ಟ್' ಎಂಬ ಪುಸ್ತಕವನ್ನು ಪತ್ರಕರ್ತ ಹಾರ್ವಿ ಒ'ಹಿಗಿನ್ಸ್ ಜೊತೆ ಸೇರಿ ತಂದರು. 1914ರಲ್ಲಿ 'ಅಮೆರಿಕನ್ ಮ್ಯಾಗಜೀನ್' ತನ್ನ ಓದುಗರನ್ನು ಬದುಕಿರುವ ಅತಿ ದೊಡ್ಡ ಅಮೆರಿಕನ್ ಯಾರು ಎಂದು ಕೇಳಿದಾಗ ಈ ಜಿಲ್ಲಾ ಮಟ್ಟದ ಜಡ್ಜ್‌ಗೆ ಎಂಟನೇ ಸ್ಥಾನ ಬಂತು. ಅದೇ ಸ್ಥಾನ ಹಂಚಿಕೊಂಡವರಲ್ಲಿ ಉಕ್ಕಿನ ಕುಬೇರ ಆಂಡ್ರ್ಯೂ ಕಾರ್ನೆಗಿ ಒಬ್ಬರು.

ಅದೇ 1914ರ ಏಪ್ರಿಲ್ 20ರಂದು ಕೊಲರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿತ್ತು. ಡೇರೆಯ ಕೆಳಗೆ ತೋಡಿದ್ದ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು, 11 ಮಕ್ಕಳು ಸತ್ತರು. ಬದುಕುಳಿದ ಹೆಂಗಸರಲ್ಲಿ ಕೆಲವರನ್ನು ಲಿಂಡ್ಸೆ ವಾಷಿಂಗ್ಟನ್ನಿಗೆ ಕರೆದೊಯ್ದು ಅಧ್ಯಕ್ಷ ವುಡ್ರೋ ವಿಲ್ಸನ್ ಎದುರು ನಿಲ್ಲಿಸಿದರು. ಜಡ್ಜ್ ಆದವರು ಹೀಗೆ ಮಾಡಬಹುದೇ ಎಂದು ಡೆನ್ವರಿನ ವ್ಯಾಪಾರಸ್ಥರು ಸಿಟ್ಟಾದರು. ನಮ್ಮಲ್ಲೂ ಆ ಪ್ರಶ್ನೆ ಏಳುತ್ತದೆ. ಜಡ್ಜ್ ಮುಷ್ಕರದ ಪಕ್ಷ ಹಿಡಿದರೆ ನಾಳೆ ಗಣಿ ಮಾಲೀಕನ ಕೇಸು ಅವರ ಮುಂದೆ ಬಂದಾಗ? ನ್ಯಾಯದ ಕುರ್ಚಿಗೂ ಚಳವಳಿಗೂ ನಡುವಿನ ಗೆರೆ ಲಿಂಡ್ಸೆಗೆ ಯಾವತ್ತೂ ಸರಿಯಾಗಿ ಕಾಣಲಿಲ್ಲ. ಅಥವಾ ಕಂಡರೂ ದಾಟಿದರು.

ಒಂದು ಗೆರೆ ಮಾತ್ರ ಅವರು ದಾಟಲಿಲ್ಲ. 1915ರಲ್ಲಿ ಗಂಡನ ಕೊಲೆ ಆರೋಪ ಹೊತ್ತ ಹೆಂಗಸೊಬ್ಬಳ ವಿಚಾರಣೆ ಬೇರೆ ಕೋರ್ಟಿನಲ್ಲಿ ನಡೆಯುತ್ತಿತ್ತು. ಅವಳ ಸಣ್ಣ ಮಗ ಆ ಸಾವಿನ ಬಗ್ಗೆ ಲಿಂಡ್ಸೆ ಹತ್ತಿರ ಗುಟ್ಟಾಗಿ ಮಾತಾಡಿದ್ದ. ಹುಡುಗ ಏನು ಹೇಳಿದ ಎಂದು ಸಾಕ್ಷಿಕಟ್ಟೆಯಲ್ಲಿ ಹೇಳಿ ಎಂದು ಲಿಂಡ್ಸೆಗೆ ಆದೇಶವಾಯಿತು. ಅವರು ಹೇಳಲಿಲ್ಲ. ನನ್ನನ್ನು ನಂಬಿ ಒಂದು ಮಗು ಹೇಳಿದ್ದನ್ನು ಹೊರಗೆ ಹಾಕಿದರೆ ನಾಳೆ ಯಾವ ಮಗುವೂ ನನ್ನ ಕೋಣೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬುದು ಅವರ ವಾದ. ನ್ಯಾಯಾಂಗ ನಿಂದನೆ ಎಂದು 500 ಡಾಲರ್ ದಂಡ ಬಿತ್ತು. 1919ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ದಂಡವನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಲ್ಲಿ ಲಿಂಡ್ಸೆ ತಪ್ಪು. ಡೆನ್ವರಿನ ಹುಡುಗರ ಕಣ್ಣಲ್ಲಿ ಏನು ಎಂದು ನೀವೇ ಊಹಿಸಿಕೊಳ್ಳಿ. ಈ ದಂಡದ ಕಥೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1920ರ ದಶಕದಲ್ಲಿ ಕೊಲರಾಡೊ ಬದಲಾಯಿತು. ಬಿಳಿಯರ, ಅದರಲ್ಲೂ ಪ್ರಾಟೆಸ್ಟೆಂಟರ ಮೇಲುಗೈ ಬಯಸುವ ಕೂ ಕ್ಲಕ್ಸ್ ಕ್ಲಾನ್ ಸಂಘಟನೆ ಅಲ್ಲಿ ಬಲವಾಗಿ ಬೇರುಬಿಟ್ಟಿತು. ಕಪ್ಪು ಜನ, ಯಹೂದಿಗಳು, ಕ್ಯಾಥೊಲಿಕ್ಕರು, ವಲಸೆಗಾರರು ಅದರ ಗುರಿ. 1924ರ ಚುನಾವಣೆಯಲ್ಲಿ ಕ್ಲಾನ್ ಬೆಂಬಲಿಸಿದ ಕ್ಲಾರೆನ್ಸ್ ಮಾರ್ಲಿ ಗವರ್ನರ್ ಆಗಿ ಗೆದ್ದರು. ಲಿಂಡ್ಸೆ ಕ್ಲಾನ್ ವಿರುದ್ಧ ಬಹಿರಂಗವಾಗಿ ಮಾತಾಡುತ್ತಿದ್ದರು. ಅದೇ ಚುನಾವಣೆಯಲ್ಲಿ ಅವರ ಎದುರು ಕ್ಲಾನ್ ಬೆಂಬಲದ ವಕೀಲ ರಾಯಲ್ ಗ್ರಹಾಂ ನಿಂತರು.

ಆ ಅಲೆಯಲ್ಲೂ ಲಿಂಡ್ಸೆ ಗೆದ್ದರು. ಅಂತರ 137 ವೋಟು.

ಪಂಚಾಯಿತಿ ಚುನಾವಣೆಯಲ್ಲಿ ಒಂದು ವೋಟಿನಲ್ಲಿ ಗೆದ್ದವರನ್ನು, ಚೀಟಿ ಎತ್ತಿ ಗೆದ್ದವರನ್ನು ನೋಡಿದ ನಮಗೆ ಗೊತ್ತು, ಸಣ್ಣ ಅಂತರದ ಗೆಲುವು ಕೋರ್ಟಿನ ಬಾಗಿಲಲ್ಲೇ ಮುಗಿಯುವುದು ಎಂದು. ಗ್ರಹಾಂ ದಾವೆ ಹೂಡಿದರು. ದಾವೆ ನಡೆಯುತ್ತಿರುವಾಗಲೇ 1925ರಲ್ಲಿ ಬೇರೆ ತೊಂದರೆಗಳಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡರು. ಆದರೂ ಕೇಸು ಸಾಯಲಿಲ್ಲ. ಗಂಡ ಗೆದ್ದಿದ್ದರೆ ಸಿಗಬೇಕಾಗಿದ್ದ ಸಂಬಳ ತನಗೆ ಬರಬೇಕು ಎಂದು ಹೆಂಡತಿ ಮುಂದುವರಿಸಿದರು. 1927ರ ಜನವರಿಯಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್ ಒಂದು ಮತಗಟ್ಟೆ ವಲಯದ ಎಲ್ಲ ವೋಟುಗಳನ್ನೂ ಅಕ್ರಮ ನಡೆದಿದೆ ಎಂದು ತೆಗೆದುಹಾಕಿತು. ಯಹೂದಿಗಳು ಹೆಚ್ಚಾಗಿದ್ದ, ಲಿಂಡ್ಸೆಗೆ ಸಾರಾಸಗಟಾಗಿ ವೋಟು ಬಿದ್ದಿದ್ದ ವಲಯ ಅದು. ಆ ವೋಟು ಕಳೆದರೆ 137 ಉಳಿಯುವುದಿಲ್ಲ. ಸತ್ತ ಅಭ್ಯರ್ಥಿ ಗೆದ್ದರು, 26 ವರ್ಷ ಕೂತಿದ್ದ ಜಡ್ಜ್ ಸೋತರು.

ಹೊಸಬರ ಕೈಗೆ ಕೋರ್ಟ್ ಹೋಗುವ ಹೊತ್ತಿಗೆ ಲಿಂಡ್ಸೆ ಕೋಣೆಯಲ್ಲಿ ಕಪಾಟುಗಟ್ಟಲೆ ಕಡತಗಳಿದ್ದವು. ಇಪ್ಪತ್ತೈದು ವರ್ಷ ಮಕ್ಕಳು, ಮದುವೆಯಾಗದೆ ಬಸುರಾದ ಹುಡುಗಿಯರು, ಒಡೆದ ಮನೆಗಳ ಗಂಡ ಹೆಂಡಿರು ಹೇಳಿಕೊಂಡ ಗುಟ್ಟುಗಳು. ಅದರಲ್ಲಿ ಊರಿನ ದೊಡ್ಡ ಮನೆಗಳ ಹೆಸರೂ ಇದ್ದವು. ಇವು ನಾಳೆ ಯಾರ ಕೈಗೆ ಸಿಗುತ್ತವೋ, ಯಾರನ್ನು ಹೆದರಿಸಲು ಬಳಕೆಯಾಗುತ್ತವೋ? 1927ರ ಬೇಸಿಗೆಯಲ್ಲಿ ಲಿಂಡ್ಸೆ ಮತ್ತು ಹೆಂಡತಿ ಹೆನ್ರಿಯೆಟ್ಟಾ ಆ ಕಾಗದಗಳನ್ನು ಒಂದು ಖಾಲಿ ಜಾಗಕ್ಕೆ ಒಯ್ದು ಬೆಂಕಿ ಹಚ್ಚಿದರು. ಸರ್ಕಾರಿ ದಾಖಲೆ ಸುಟ್ಟದ್ದು ತಪ್ಪೇ. 500 ಡಾಲರ್ ದಂಡದ ಕಥೆ ಗೊತ್ತಿರುವವರಿಗೆ ಮಾತ್ರ ಅದು ಆಶ್ಚರ್ಯದ ಸಂಗತಿಯಲ್ಲ. ಅಂದಹಾಗೆ ನಮ್ಮ 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ, ಕೆಲವು ಘೋರ ಪ್ರಕರಣ ಬಿಟ್ಟರೆ, ಮಗುವಿನ ಮೇಲಿನ ಕೇಸಿನ ದಾಖಲೆಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡಬೇಕು ಎಂದೇ ಹೇಳುತ್ತದೆ. ಲಿಂಡ್ಸೆ ಕಾಲಕ್ಕೆ ಅಂಥ ಕಲಂ ಕೈಗೆ ಸಿಗಲಿಲ್ಲ, ಬೆಂಕಿಪೆಟ್ಟಿಗೆ ಸಿಕ್ಕಿತು.

ಮುಂದಿನ ಕೆಲವು ವರ್ಷ ಚೆನ್ನಾಗಿರಲಿಲ್ಲ. 1927ರಲ್ಲಿ ವೇನ್‌ರೈಟ್ ಇವಾನ್ಸ್ ಜೊತೆ ಬರೆದ 'ಕಂಪ್ಯಾನಿಯನೇಟ್ ಮ್ಯಾರೇಜ್' ಪುಸ್ತಕ ಗದ್ದಲ ಎಬ್ಬಿಸಿತು. ಅದರಲ್ಲಿ ಅವರು ಹೇಳಿದ್ದು ಇಷ್ಟು: ಮದುವೆ ಕಾನೂನು ಪ್ರಕಾರವೇ ಆಗಲಿ, ಗರ್ಭನಿರೋಧಕ ಬಳಕೆ ಕಾನೂನುಬದ್ಧವಾಗಲಿ, ಮಕ್ಕಳಿಲ್ಲದ ದಂಪತಿ ಇಬ್ಬರೂ ಒಪ್ಪಿದರೆ ವಿಚ್ಛೇದನ ಸಿಗಲಿ. ಮದುವೆಯನ್ನೇ ಹಾಳು ಮಾಡುತ್ತಾನೆ ಎಂದು ಚರ್ಚುಗಳಲ್ಲಿ ಬೈದರು. 1930ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ದೊಡ್ಡ ಚರ್ಚಿನಲ್ಲಿ ಬಿಷಪ್ ಮ್ಯಾನಿಂಗ್ ತಮ್ಮ ಪುಸ್ತಕವನ್ನು ಖಂಡಿಸಿದಾಗ ಲಿಂಡ್ಸೆ ಅಲ್ಲೇ ಎದ್ದುನಿಂತು ಉತ್ತರ ಕೊಡಲು ಹೋದರು, ಜನ ಹೊರದಬ್ಬಿದರು. ಭಾರತದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು 1976ರಲ್ಲಿ. ಇವತ್ತು ನಮ್ಮ ಕೌಟುಂಬಿಕ ಕೋರ್ಟುಗಳಲ್ಲಿ ಅದು ದಿನನಿತ್ಯದ ಅರ್ಜಿ.

ಇನ್ನೊಂದು ಏಟು ಅವರೇ ತಂದುಕೊಂಡದ್ದು. ಜಡ್ಜ್ ಆಗಿರುವಾಗಲೇ ನ್ಯೂಯಾರ್ಕಿನ ಶ್ರೀಮಂತ ಕುಟುಂಬವೊಂದರ ಆಸ್ತಿ ವ್ಯಾಜ್ಯದಲ್ಲಿ ನೆರವಾಗಿ ಹಣ ಪಡೆದಿದ್ದರು. ಅದು ಉಡುಗೊರೆ, ಫೀಸಲ್ಲ ಎಂದರು. ಒಪ್ಪದ ಕೊಲರಾಡೊ ಸುಪ್ರೀಂ ಕೋರ್ಟ್ 1929ರ ಡಿಸೆಂಬರಿನಲ್ಲಿ ಸನ್ನದು ಕಿತ್ತುಕೊಂಡಿತು. ಹಗೆ ಸಾಧಿಸಿದರು ಎನ್ನುವವರಿದ್ದಾರೆ. ಇದ್ದಿರಬಹುದು. ಆದರೆ ಕಾಗದ-ಲೇಖನಿಯ ಬಿಲ್ಲಿನಲ್ಲಿ ಕಳ್ಳತನ ಹಿಡಿದ ಮನುಷ್ಯನಿಗೆ ಕುರ್ಚಿಯಲ್ಲಿದ್ದಾಗ ಈ ದುಡ್ಡು ಮುಟ್ಟಬಾರದು ಎಂದು ಗೊತ್ತಾಗಬೇಕಿತ್ತು. ಸನ್ನದು 1935ರಲ್ಲಿ ವಾಪಸ್ ಸಿಕ್ಕಿತು.

ಅವರ ಪದ್ಧತಿಯಲ್ಲೂ ಒಂದು ದೋಷವಿತ್ತು, ಅದು ಅವರು ಹೋದ ಮೇಲೆ ಕಂಡಿತು. ಜಡ್ಜ್ ಒಳ್ಳೆಯವರಾದರೆ ಮಗುವಿಗೆ ವಕೀಲ ಯಾಕೆ, ಪಾಟೀಸವಾಲು ಯಾಕೆ ಎಂದು ಮಕ್ಕಳ ಕೋರ್ಟುಗಳು ನಂಬಿಕೊಂಡು ಬಂದವು. ಜಡ್ಜ್ ಒಳ್ಳೆಯವರಲ್ಲದಿದ್ದರೆ? ಅರಿಜೋನಾ ರಾಜ್ಯದಲ್ಲಿ 15 ವರ್ಷದ ಹುಡುಗನೊಬ್ಬ ಪಕ್ಕದ ಮನೆಯಾಕೆಗೆ ಫೋನಿನಲ್ಲಿ ಅಸಭ್ಯವಾಗಿ ಮಾತಾಡಿದ ಎಂದು 21 ವರ್ಷ ತುಂಬುವ ತನಕ ಸುಧಾರಣಾ ಶಾಲೆಗೆ ಕಳಿಸಿದರು. ಅದೇ ತಪ್ಪನ್ನು ದೊಡ್ಡವನು ಮಾಡಿದ್ದರೆ ಹೆಚ್ಚೆಂದರೆ 50 ಡಾಲರ್ ದಂಡ ಅಥವಾ ಎರಡು ತಿಂಗಳ ಜೈಲು. 1967ರಲ್ಲಿ ಗಾಲ್ಟ್ ಪ್ರಕರಣ ಎಂದು ಹೆಸರಾದ ಆ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಕ್ಕಳಿಗೂ ವಕೀಲರ ಹಕ್ಕು, ಆರೋಪ ತಿಳಿಯುವ ಹಕ್ಕು ಇದೆ ಎಂದು ಹೇಳಬೇಕಾಯಿತು.

ಲಿಂಡ್ಸೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಮತ್ತೆ ವೋಟು ಕೇಳಿದರು. 1934ರಲ್ಲಿ, 65ರ ಹೊಸ್ತಿಲಲ್ಲಿ, ಲಾಸ್ ಏಂಜಲೀಸಿನ ಸುಪೀರಿಯರ್ ಕೋರ್ಟಿಗೆ ಆರಿಸಿ ಬಂದರು. 1939ರಲ್ಲಿ ಅವರ ಪ್ರಯತ್ನದಿಂದ ಅಲ್ಲಿ ಮಕ್ಕಳ ಸಂಧಾನ ನ್ಯಾಯಾಲಯ ಎಂಬ ಹೊಸ ಕೋರ್ಟ್ ಕಾನೂನಾಗಿ ಬಂತು. ಸಣ್ಣ ಮಕ್ಕಳಿರುವ ದಂಪತಿ ಬೇರೆಯಾಗುವ ಮುನ್ನ ಕೂತು ಮಾತಾಡಲಿ, ಅಲ್ಲಿ ಆಡಿದ ಮಾತು ಹೊರಗೆ ಹೋಗದಿರಲಿ ಎಂಬುದು ಅದರ ಉದ್ದೇಶ. ನಮ್ಮ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಕಲಂ ಕೂಡ ಮೊದಲು ರಾಜಿಗೆ ಪ್ರಯತ್ನಿಸುವುದು ಜಡ್ಜ್ ಕರ್ತವ್ಯ ಎನ್ನುತ್ತದೆ. ಕಾರಿಡಾರಿನಲ್ಲಿ ಕಾಯುವವರು ಕೌನ್ಸೆಲಿಂಗ್‌ಗೆ ಕರೆದಿದ್ದಾರೆ ಎನ್ನುವುದು ಅದನ್ನೇ. ಲಿಂಡ್ಸೆ 1943ರ ಮಾರ್ಚ್ 26ರಂದು ತೀರಿಕೊಂಡರು. ಆಗಲೂ ಜಡ್ಜ್ ಆಗಿಯೇ ಇದ್ದರು.

ಅವರನ್ನು ಹೊರಗೆ ಹಾಕಿದ ಡೆನ್ವರಿನಲ್ಲಿ 2010ರಲ್ಲಿ ತೆರೆದ ಹೊಸ ಕೋರ್ಟ್ ಕಟ್ಟಡದ ಹೆಸರಿನಲ್ಲಿ ಈಗ ಲಿಂಡ್ಸೆ ಇದ್ದಾರೆ. ಜೊತೆಗಿರುವ ಇನ್ನೊಂದು ಹೆಸರು ಕಪ್ಪು ಜನಾಂಗದ ಜಡ್ಜ್ ಜೇಮ್ಸ್ ಫ್ಲಾನಿಗನ್ ಅವರದ್ದು. ಕ್ಲಾನ್ ಇವರಿಬ್ಬರನ್ನೂ ಒಪ್ಪುತ್ತಿರಲಿಲ್ಲ. ಆದರೆ ಕೊಲರಾಡೊದ ಜನ 1966ರಲ್ಲಿ ಸಂವಿಧಾನ ತಿದ್ದಿ, ಜಡ್ಜ್‌ಗಳು ಒಬ್ಬರ ಮೇಲೊಬ್ಬರು ಚುನಾವಣೆಗೆ ನಿಲ್ಲುವುದನ್ನು ಕೈಬಿಟ್ಟರು. ಈಗ ಒಂದು ಸಮಿತಿ ಹೆಸರು ಸೂಚಿಸುತ್ತದೆ, ಗವರ್ನರ್ ನೇಮಿಸುತ್ತಾರೆ. ಕೆಲವು ವರ್ಷಕ್ಕೊಮ್ಮೆ ಮತಪತ್ರದಲ್ಲಿ ಆ ಜಡ್ಜ್ ಹೆಸರು ಒಂಟಿಯಾಗಿ ಬರುತ್ತದೆ, ಎದುರಾಳಿ ಇಲ್ಲ, ಪಕ್ಷದ ಗುರುತಿಲ್ಲ. ಇವರು ಮುಂದುವರಿಯಬೇಕೋ ಬೇಡವೋ ಎಂದು ಮಾತ್ರ ಕೇಳುತ್ತಾರೆ. ಕಾರಿಡಾರಿನ ಅಜ್ಜಿ ಮತ್ತೆ ಸಿಕ್ಕರೆ ಇದನ್ನು ಹೇಳಬೇಕು ಎಂದುಕೊಂಡಿದ್ದೇವೆ. ಅವರ ಮಗಳ ಕೇಸಿಗೆ ಇನ್ನೊಂದು ವಾಯಿದೆ ಬಿದ್ದಿದೆ.